ಚಳಿಗಾಲಕ್ಕೆ ಮುಚ್ಚಿಟ್ಟ ಕಾರು

ಆರ್ವೋ ಮತ್ತು ಅವನ ಅಣ್ಣ ತೈಸ್ತೋ ನಮ್ಮ ಸರೋವರದ ಆಚೆ ದಡದವರು. ಇಬ್ಬರೂ ಮದುವೆಯಾಗಲಿಲ್ಲ. ಹರೆಯದಿಂದ ಮುಪ್ಪಿನವರೆಗೂ ಕಾಡಿನಲ್ಲಿ ಮರ ಕಡಿದೇ ಬದುಕಿದರು. ಇಬ್ಬರೂ ಕೂಡಿ ಒಂದು ಹಸಿರು ವೋಲ್ವೊ ಕಾರು ಕೊಂಡಿದ್ದರು. ಕೊಂಬೆ ಸಿಡಿದು ತೈಸ್ತೋನ ಒಂದು ಕಣ್ಣು ಹೋದ ಮೇಲೆ ಓಡಿಸುವುದು ತಮ್ಮನ ಪಾಲಿಗೆ, ರಿಪೇರಿ ಅಣ್ಣನ ಪಾಲಿಗೆ ಬಂತು. ತಮ್ಮ ಸ್ಪ್ಯಾನರ್ ಮುಟ್ಟಿದರೆ ಅಣ್ಣ ಬೈಯುತ್ತಿದ್ದ.

ಫಿನ್ಲೆಂಡಿನ ನಮ್ಮ ಸಾವೊ ಸೀಮೆಯಲ್ಲಿ ಚಳಿ ಶುರುವಾಯಿತೆಂದರೆ ರಸ್ತೆಗೆ ಉಪ್ಪು ಬೀಳುತ್ತದೆ. ಹಳೇ ಕಾರಿನ ತಗಡನ್ನು ಅದು ತಿಂದುಹಾಕುತ್ತದೆ. ಅಷ್ಟರೊಳಗೆ ಕಾರನ್ನು ಕೊಟ್ಟಿಗೆಗೆ ಸೇರಿಸಿಬಿಡಬೇಕು. ಆ ವರ್ಷ ತೈಸ್ತೋ ಶ್ವಾಸಕೋಶದ ಕ್ಯಾನ್ಸರಿನಿಂದ ಪೇಟೆಯ ಆಸ್ಪತ್ರೆಯಲ್ಲಿದ್ದ. ಆರ್ವೋ ನನ್ನನ್ನು ಕರೆಸಿಕೊಂಡ. ಅವನು ಕಾರಿನಡಿ ಅಂಗಾತ ಮಲಗಿದ್ದ, ನಾನು ಚಕ್ರದ ಪಕ್ಕ ಫೋನಿನ ಸ್ಪೀಕರ್ ಹಾಕಿ ಹಿಡಿದು ಕೂತೆ.

"ಎಣ್ಣೆ ಇಳಿಸಿದ್ಯೇನೋ?" ಫೋನಿನಲ್ಲಿ ತೈಸ್ತೋ ಕೇಳಿದ. ಮಾತಿನ ನಡುವೆ ಏದುಸಿರು.

"ಇಳೀತಾ ಇದೆ ಅಣ್ಣ. ಅರ್ಧ ನನ್ನ ಅಂಗಿ ತೋಳೊಳಗೇ ಹೋಗ್ತಿದೆ."

"ಹೋಗ್ಲಿ ಬಿಡು. ನಿನ್ನ ಕೀಲುಗಳಿಗೂ ಬೇಕಿತ್ತು."

ಆರ್ವೋ ನಕ್ಕ. "ಬ್ಯಾಟರಿ ಬಿಚ್ಚಿದೀನಿ. ಇಲಿ ನುಗ್ಗಬಾರ್ದು ಅಂತ ಸೈಲೆನ್ಸರಿಗೆ ಹಳೇ ಬಟ್ಟೆ ತುರುಕಿದೀನಿ. ಪೆಟ್ರೋಲೂ ಫುಲ್ ಮಾಡ್ಸಿದೀನಿ, ಟ್ಯಾಂಕಲ್ಲಿ ನೀರು ಕಟ್ಟಲ್ಲ."



"ಯಾಕೆ ತುಂಬಿಸ್ದೆ? ಮಾರಿಬಿಡು ಅಂದಿದ್ನಲ್ಲ."

"ಬೇಸಿಗೇಲಿ ನಿನ್ನನ್ನ ಯಾವುದ್ರಲ್ಲಿ ಕರ್ಕೊಂಡು ಹೋಗ್ಲಿ?"

"ಲೇ ತಮ್ಮ, ನನಗೆ ಬೇಸಿಗೆ ಇಲ್ಲ. ಡಾಕ್ಟ್ರು ಹೇಳುವಾಗ ನೀನೂ ಅಲ್ಲೇ ಕೂತಿದ್ದೆ."

"ನಂಗೆ ಕೇಳಿಸ್ಲಿಲ್ಲ."

"ಕೇಳಿಸ್ತು. ಗೋಡೆ ನೋಡ್ತಾ ಕೂತೆ."

ಆರ್ವೋ ಕಾರಿನಡಿಯಿಂದ, "ಮುಂದೇನು ಮಾಡ್ಲಿ, ಅದನ್ನ ಹೇಳು" ಎಂದ.

"ಟೈರ್ ಚಪ್ಪಟೆ ಆಗ್ದಂಗೆ ಚಕ್ರ ಎತ್ತಿ ದಿಮ್ಮಿ ಇಡು. ಇನ್ನೂ ಅಡಿಯಲ್ಲೇ ಇದ್ದೀಯಾ? ಮೊದ್ಲು ಆಚೆ ಬಾ. ನೀನು ಆಚೆ ಬಂದ್ಮೇಲೆ..."

ಕೆಮ್ಮು ಹತ್ತಿತು, ನಿಲ್ಲಲಿಲ್ಲ. ನರ್ಸ್ ಫೋನ್ ತೆಗೆದುಕೊಂಡು, "ದಣಿದಿದಾರೆ, ನಾಳೆ ಮಾಡಿ" ಎಂದಳು.

ಮರುದಿನ ತೈಸ್ತೋಗೆ ಮಾತು ನಿಂತಿತ್ತು. ಮೊದಲ ಹಿಮ ಬೀಳುವ ಮುಂಚೆಯೇ ತೀರಿಕೊಂಡ. ನಾವಿಬ್ಬರೇ ಜಾಕ್ ಕೊಟ್ಟು ಕಾರನ್ನು ದಿಮ್ಮಿಗಳ ಮೇಲೆ ಕೂರಿಸಿ, ಮೇಲೆ ಬಟ್ಟೆ ಹೊದಿಸಿದೆವು. ಸರಿಯಾಗಿ ಕೂತಿತೋ ಇಲ್ಲವೋ ಹೇಳುವವರಿರಲಿಲ್ಲ.

ಮೇ ತಿಂಗಳಲ್ಲಿ ಸರೋವರದ ಮಂಜುಗಡ್ಡೆ ಕರಗಿತು. "ಕಾರು ಕೆಳಗಿಳಿಸೋಣ್ವಾ? ನಾನೂ ಕೈ ಹಾಕ್ತೀನಿ" ಎಂದೆ.

"ಇಳಿಸಿ ಎಲ್ಲಿಗೆ ಹೋಗ್ಲಿ?"

"ಪೇಟೆಗೆ."

"ಪೇಟೆಗೆ ಬಸ್ಸಿದೆ."

ಈಗ ಹಲವು ವರ್ಷಗಳಾದವು. ಕೊಟ್ಟಿಗೆಯ ಬಾಗಿಲೆದುರು ಬರ್ಚ್ ಮರದ ಸಸಿಗಳು ಎದೆಯೆತ್ತರ ಬೆಳೆದಿವೆ. ಬಸ್ಸಿನಲ್ಲಿ ಆರ್ವೋ ಸಿಕ್ಕರೆ ನಾನು ಪಕ್ಕದಲ್ಲೇ ಕೂರುತ್ತೇನೆ. ಮೀನಿನ ವಿಷಯ, ಮಳೆಯ ವಿಷಯ ಮಾತಾಡುತ್ತಾನೆ. ಅಣ್ಣನ ಹೆಸರು ತೆಗೆದರೆ ಮಾತ್ರ ಮುಂದಿನ ಸ್ಟಾಪಿನಲ್ಲೇ ಇಳಿದು, ಉಳಿದ ದಾರಿಯನ್ನು ನಡೆದೇ ಹೋಗುತ್ತಾನೆ.