ಪರದೆ ಹಾಕಿದ ಅಖಾಡ

ನೆದರ್‌ಲ್ಯಾಂಡ್ಸಿನ ನೈಮೇಗನ್ನಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಮುಂದೆ, ರಸ್ತೆಯ ಕಲ್ಲುಹಾಸಿನಲ್ಲಿ ಬೇರೆ ಬಣ್ಣದ ಕಲ್ಲುಗಳ ಒಂದು ಬಾಗಿದ ಗೆರೆಯಿದೆ. ಹೋದ ಹೊಸತರಲ್ಲಿ ಅದನ್ನು ಸೈಕಲ್ಲಿನವರಿಗೆ ಹಾಕಿದ ಗುರುತು ಎಂದುಕೊಂಡಿದ್ದೆವು. ಎದುರುಮನೆಯ ಡಚ್ ಅಜ್ಜಿ, ಒಂದು ಕಾಲದಲ್ಲಿ ಶಾಲೆಯಲ್ಲಿ ಇತಿಹಾಸ ಕಲಿಸಿದವರು, ನನ್ನನ್ನೂ ನನ್ನ ಗಂಡನನ್ನೂ ಫುಟ್‌ಪಾತಿನಲ್ಲೇ ನಿಲ್ಲಿಸಿಕೊಂಡು ತಿದ್ದಿದರು. ರೋಮನ್ ದಂಡು ಇಲ್ಲಿ ಬೀಡುಬಿಟ್ಟಿದ್ದಾಗ ಇದು ಅಖಾಡವಾಗಿತ್ತಂತೆ. ಗೆರೆಯ ಆಚೆ ಜನ ಕೂತು ನೋಡುತ್ತಿದ್ದರು, ಈಚೆ ಮರಳಿನ ಮೇಲೆ ಮನುಷ್ಯರು ಹೊಡೆದಾಡುತ್ತಿದ್ದರು. ಅಜ್ಜಿಯ ಮನೆ ಆಚೆ, ನಮ್ಮದು ಈಚೆ.

ಸೋತು ಬಿದ್ದವನು ಒಂದು ಬೆರಳು ಎತ್ತುತ್ತಿದ್ದನಂತೆ. ಸಾಕು, ಬಿಟ್ಟುಬಿಡಿ ಎಂದು ಅದರ ಅರ್ಥ. ಬಿಡಬೇಕೋ ಬೇಡವೋ ಎಂದು ಜನ ಕೂಗುತ್ತಿದ್ದರು. ಅಜ್ಜಿ ತಮ್ಮ ಬೆರಳನ್ನೇ ಎತ್ತಿ ತೋರಿಸಿದರು.

ಮನೆಯೊಳಗೆ ಬಂದವನೇ ನನ್ನ ಗಂಡ ಹೇಳಿದ, "ನೋಡಿದ್ಯಾ, ಅವ್ರದ್ದು ಗ್ಯಾಲರಿ, ನಮ್ದು ಗ್ರೌಂಡು. ಅದಕ್ಕೇ ದಿನಾ ನಮ್ಮನ್ನೇ ನೋಡ್ತಾ ಕೂತಿರ್ತಾರೆ."

ಅಲ್ಲಿಯ ಜನ ಕಿಟಕಿಗೆ ಪರದೆ ಎಳೆಯುವುದು ಕಡಿಮೆ. ಬೀದಿಯಲ್ಲಿ ಹೋಗುವವರಿಗೆ ಅವರ ಸೋಫಾ, ಪುಸ್ತಕ, ತಟ್ಟೆಯೊಳಗಿನ ಆಲೂಗಡ್ಡೆ ಎಲ್ಲವೂ ಕಾಣುತ್ತದೆ. ನನಗೆ ಅದು ಹಿಡಿಸಿತ್ತು. ಆ ದೇಶದ ಚಳಿಗಾಲದಲ್ಲಿ ಬಿಸಿಲು ಬರುವುದೇ ಅಪರೂಪ, ಬಂದದ್ದನ್ನು ಯಾಕೆ ತಡೆಯಬೇಕು? ಅವನಿಗೆ ಮಾತ್ರ ಆಗದು. ಲುಂಗಿ ಉಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಸಾರು ಮೊಣಕೈಗೆ ಇಳಿಯುವ ಹಾಗೆ ಅನ್ನ ಕಲಸಿದರೇ ಅವನಿಗೆ ಊಟ. ಮೇಲೆ ಅತ್ತೆಯವರ ಕುಮ್ಮಕ್ಕು ಬೇರೆ. ಬೆಂಗಳೂರಿನಿಂದ ವಿಡಿಯೊ ಕರೆಯಲ್ಲಿ, "ಉಣ್ಣೋದನ್ನ ಕಂಡೋರೆಲ್ಲ ನೋಡಬಾರ್ದಮ್ಮ, ದೃಷ್ಟಿ ಆಗತ್ತೆ" ಎನ್ನುತ್ತಿದ್ದರು. ಮುಂದಿನ ಸಲ ಊರಿಗೆ ಹೋದಾಗ ಚಿಕ್ಕಪೇಟೆಯಿಂದ ದಪ್ಪನೆಯ ಮರೂನ್ ಪರದೆ ತಂದೇ ತಂದ. ಸೂಟ್‌ಕೇಸಿನಲ್ಲಿ ಹೋಳಿಗೆ, ಉಪ್ಪಿನಕಾಯಿಗೆ ಇಟ್ಟಿದ್ದ ಜಾಗವನ್ನೆಲ್ಲ ಅದೇ ತಿಂದುಹಾಕಿತ್ತು.

ನಾವು ಒಂದೇ ಕಾಲೇಜಿನವರು, ಒಬ್ಬರನ್ನೊಬ್ಬರು ಏಕವಚನದಲ್ಲೇ ಬೈಯುತ್ತಿದ್ದೆವು. ಬೆಳಗ್ಗೆ ನಾನು ಪರದೆ ಸರಿಸಿ ಕೆಲಸಕ್ಕೆಂದು ಆರ್ನೆಮ್‌ನ ರೈಲು ಹಿಡಿಯುತ್ತಿದ್ದೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವನು ನಾನು ಮೂಲೆ ತಿರುಗುವ ಮೊದಲೇ ಎಳೆದುಬಿಡುತ್ತಿದ್ದ. ಎದುರು ಕಿಟಕಿಯಿಂದ ಅಜ್ಜಿ ದಿನವೂ ಕೈ ಬೀಸುತ್ತಿದ್ದರು. ನಾನು ಬೀಸುತ್ತಿದ್ದೆ, ಅವನು ಇಲ್ಲ.

ಒಂದು ಚಳಿಗಾಲದ ಮಧ್ಯಾಹ್ನ ಫೋನು ಮಾಡಿದೆ, ಎತ್ತಲಿಲ್ಲ. ಮೀಟಿಂಗಿನಲ್ಲಿರಬೇಕು ಎಂದುಕೊಂಡೆ. ಸಂಜೆ ಬಂದು ಬಾಗಿಲು ತೆಗೆದರೆ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ ಬಿದ್ದಿದ್ದ. ಅರ್ಧ ಉಂಡ ತಟ್ಟೆ ಕೋಣೆಯ ನಡುವೆಯೇ ಇತ್ತು. ಮೈ ತಣ್ಣಗಾಗಿತ್ತು. ಪರದೆಯ ಅಂಚು ಮುಷ್ಟಿಯಲ್ಲಿತ್ತು, ಮೇಲೆ ಕೆಲವು ಕೊಂಡಿಗಳು ಕಿತ್ತುಬಂದಿದ್ದವು. ಹೃದಯ ಎಂದರು ವೈದ್ಯರು. ಯಾರಾದರೂ ಬೇಗ ನೋಡಿದ್ದರೆ ಎಂದು ಕೇಳಿದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

ಆಮೇಲೆ ಬಹಳ ದಿನ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು. ಮಹಾರಾಯ, ನಿನ್ನ ಲುಂಗಿಯನ್ನು ನೋಡಲು ಯಾರು ಟಿಕೆಟ್ ತೆಗೆದುಕೊಂಡು ಕಾದಿದ್ದರು? ಊರೆಲ್ಲ ಕಿಟಕಿ ತೆರೆದಿಟ್ಟು ಬದುಕಿದೆ, ನೀನೊಬ್ಬ ಮುಚ್ಚಿಕೊಂಡು ಸತ್ತೆ. ಹೀಗೆ ಖಾಲಿ ಮನೆಯಲ್ಲಿ ಗಟ್ಟಿಯಾಗಿಯೇ ಬೈಯುತ್ತಿದ್ದೆ. ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದಿದ್ದಾನೆ ಎಂದಷ್ಟೇ ಆ ಮುಷ್ಟಿಯ ಬಗ್ಗೆ ತಿಳಿದಿದ್ದೆ.

ಒಂದು ಭಾನುವಾರ ಅಜ್ಜಿ ಬಟಾಣಿ ಸೂಪಿನ ಪಾತ್ರೆ ಹಿಡಿದು ಬಂದರು. ಕೂರಿ ಎಂದರೂ ಕೂರಲಿಲ್ಲ. ನಿಧಾನವಾದ ಇಂಗ್ಲಿಷಿನಲ್ಲಿ, ಕಿಟಕಿಯ ಕಡೆ ನೋಡುತ್ತ ಹೇಳಿದರು.

"ಆ ಮಧ್ಯಾಹ್ನ ನಾನು ನನ್ನ ಕಿಟಕಿಯಲ್ಲೇ ಇದ್ದೆ. ನಿಮ್ಮ ಪರದೆ ಅಲುಗಾಡಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋರಾಗಿ ಅಲುಗಾಡಿತು. ಅಂತೂ ಪರದೆ ತೆಗೆಯುತ್ತಿದ್ದಾನೆ ಅಂದುಕೊಂಡೆ. ನನಗೆ ಸಂತೋಷವಾಯಿತು. ಕೈ ಬೀಸಿದೆ."

ಪಾತ್ರೆ ಇಬ್ಬರ ಕೈಯಲ್ಲೂ ಇತ್ತು. ಅದು ವಾಲಿ ಸೂಪು ನನ್ನ ಬೆರಳುಗಳ ಮೇಲೆ ಚೆಲ್ಲಿತು. ತಟ್ಟೆ ಬಿಟ್ಟಿದ್ದ ಜಾಗದಿಂದ ಕಿಟಕಿಯವರೆಗೆ ಅವನು ಹೇಗೆ ಬಂದಿರಬೇಕೆಂದು ನನಗೆ ಆಗಲೇ ಕಂಡದ್ದು. ಬಿದ್ದವನು ತೆವಳಿಕೊಂಡು ಬಂದು ಎಳೆದಿದ್ದಾನೆ. ಯಾರೂ ನೋಡಬಾರದು ಎನ್ನುತ್ತಿದ್ದವನು ನೋಡಿ ಎಂದು ಕೇಳಿದ್ದಾನೆ. ಅಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟು ನಿಂತಲ್ಲೇ ಕುಸಿಯಿತು, ನಾನೂ ಅದರ ಜೊತೆ ಕುಸಿದೆ. ಅಜ್ಜಿ ಕಷ್ಟಪಟ್ಟು ಮೊಣಕಾಲೂರಿ, ಅವನು ಬಿದ್ದಿದ್ದ ನೆಲದ ಮೇಲೆ ನನ್ನ ಪಕ್ಕ ಕೂತರು.

ಪರದೆಯನ್ನು ತೆಗೆದುಹಾಕಿದೆ. ಅತ್ತೆಯವರಿಗೆ ಅದನ್ನೂ ಹೇಳಿಲ್ಲ, ಅಜ್ಜಿ ಕೈ ಬೀಸಿದ್ದನ್ನೂ ಹೇಳಿಲ್ಲ. ಆ ತಾಯಿಗೆ ಯಾವ ಬಾಯಲ್ಲಿ ಹೇಳಲಿ? ರಜೆಯ ದಿನ ಮಧ್ಯಾಹ್ನ ಆ ಕಿಟಕಿಯ ಮುಂದೆಯೇ ನೆಲದ ಮೇಲೆ ಕೂತು, ಕೈಯಲ್ಲಿ ಅನ್ನ ಕಲಸಿ ಉಣ್ಣುತ್ತೇನೆ. ಎದುರುಮನೆಯಲ್ಲಿ ಅಜ್ಜಿಯೂ ತಮ್ಮ ತಟ್ಟೆ ಇಟ್ಟುಕೊಳ್ಳುತ್ತಾರೆ. ಕೆಲವು ಸಲ ಉಣ್ಣುತ್ತಿರುವಾಗಲೇ ಕಣ್ಣೀರು ಸುರಿಯುತ್ತದೆ. ಆಗ ಅಜ್ಜಿ ಚಮಚ ಕೆಳಗಿಡುತ್ತಾರೆ. ಪರವಾಗಿಲ್ಲ ಎಂದು ನಾನು ಕೈ ಎತ್ತುವವರೆಗೂ ನನ್ನಿಂದ ಕಣ್ಣು ತೆಗೆಯುವುದಿಲ್ಲ.