ಪ್ರಧಾನಿಗಳನ್ನೆಲ್ಲ ಬಲ್ಲ ಸಿರಿಲ್

ಇಂಗ್ಲೆಂಡಿನ ನಮ್ಮ ಹ್ಯಾಲಿಫ್ಯಾಕ್ಸ್ ಊರಿನ ಪಬ್ಬಿನಲ್ಲಿ ಮಂಗಳವಾರದ ಕ್ವಿಜ್ ಶುರುವಾಯಿತೆಂದರೆ, ಉಣ್ಣೆ ಗಿರಣಿಯಲ್ಲಿ ದುಡಿದು ನಿವೃತ್ತನಾದ ಸಿರಿಲ್ ಹ್ಯಾಟರ್ಸ್ಲಿ ಬಿಯರ್ ಲೋಟ ಪಕ್ಕಕ್ಕಿಟ್ಟು ಕಣ್ಣು ಮುಚ್ಚುತ್ತಾನೆ. ಗುಂಡೇಟಿಗೆ ಬಲಿಯಾದ ಬ್ರಿಟಿಷ್ ಪ್ರಧಾನಿ ಯಾರೆಂದು ಕೇಳಿ ಮುಗಿಸುವ ಮೊದಲೇ, “ಸ್ಪೆನ್ಸರ್ ಪರ್ಸಿವಲ್, ಪಾಪ! ಸಾವಿರದೆಂಟುನೂರ ಹನ್ನೆರಡು, ಮೇ ತಿಂಗಳು,” ಎಂದು ನಮ್ಮ ತಂಡದವರ ಕಿವಿಯಲ್ಲಿ ಉಸುರುತ್ತಾನೆ, ತನ್ನ ಬೀದಿಯಲ್ಲೇ ಸಾವಾದಂತೆ. ಅಧಿಕಾರಕ್ಕೆ ಬಂದು ನಾಲ್ಕು ತಿಂಗಳೊಳಗೇ ತೀರಿಕೊಂಡ ಕ್ಯಾನಿಂಗ್‌ಗಾಗಿ, “ಕೂತ ಕುರ್ಚಿ ಬೆಚ್ಚಗಾಗೋಕೂ ಬಿಡಲಿಲ್ಲವಲ್ರೋ,” ಎಂದು ಮರುಗುತ್ತಾನೆ. ಎದುರು ತಂಡದ ಶಾಲಾ ಮೇಷ್ಟ್ರು ಬ್ರಾಮ್ಲಿ, “ಈ ಮುದುಕ ಇನ್ನೂರು ವರ್ಷದಿಂದ ಪ್ರಧಾನಿ ಮನೆ ಬಾಗಿಲು ಕಾಯ್ತಿದ್ದಾನೇನ್ರೀ!” ಎಂದು ಗೊಣಗುತ್ತಾರೆ. ಸಿರಿಲ್ ಹೇಳಿದ್ದನ್ನು ಉತ್ತರದ ಹಾಳೆಯಲ್ಲಿ ಬರೆಯುವವಳು ಯಾವಾಗಲೂ ಅವನ ಹೆಂಡತಿ ಡೋರೀನ್. ಹೋದ ವಾರ ಅವಳಿಗೆ ಜ್ವರ ಬಂದಿದ್ದರಿಂದ ನಾನು ಪೆನ್ಸಿಲನ್ನು ಅವನತ್ತ ಚಾಚಿದೆ. ಅವನು ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿ, “ನೀನೇ ಬರಿಯಮ್ಮಾ. ನಂಗೆ ಓದು ಬರಹ ಬರಲ್ಲ. ನಲವತ್ತು ವರ್ಷದಿಂದ ದಿನಾ ಸಂಜೆ ಅವಳು ಓದ್ತಾಳೆ, ನಾನು ಕೇಳಿಸ್ಕೋತೀನಿ,” ಎಂದ. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು, ಅವನು ಕಣ್ಣು ಮುಚ್ಚಿದ. ಅಂದು ಅವನು ಹೇಳಿದ ಒಂದೊಂದು ಹೆಸರನ್ನೂ ನಾನು, ಮೊದಲ ಪರೀಕ್ಷೆಗೆ ಕೂತ ಮಗುವಿನಂತೆ, ದುಂಡಗೆ ಬರೆದೆ.