ಹೂವು ಬಿದ್ದ ಕಡೆ

ಆ ಕಾದಂಬರಿಯನ್ನು ವಾಚನಾಲಯದಿಂದ ತಂದುಕೊಟ್ಟವರು ನನ್ನ ಯಜಮಾನರೇ. ಭಟ್ಕಳದಲ್ಲಿ ಶಾಲಾ ಮಾಸ್ತರರಾಗಿದ್ದರು. ಅರವತ್ತರ ದಶಕ, ಮದುವೆಯಾಗಿ ಏಳೆಂಟು ವರ್ಷವಾಗಿತ್ತು. ಕಥೆಯ ನಾಯಕಿ ತಾನು ಒಲ್ಲೆನೆಂದ ಒಬ್ಬೊಬ್ಬ ವರನ ಜೊತೆಗೂ ಮನಸ್ಸಿನಲ್ಲೇ ಸಂಸಾರ ಹೂಡಿ, ಅದಾಗಿದ್ದರೆ, ಇದಾಗಿದ್ದರೆ ಎಂದು ಪುಟಗಟ್ಟಲೆ ಕೊರಗುತ್ತಾಳೆ. ನನಗೆ ರೇಗಿತು. ಅವಳ ಯಾವ ಸಂಸಾರದಲ್ಲೂ ಅಕ್ಕಿ ಆರಿಸುವವರಿಲ್ಲ, ಮಗುವಿಗೆ ಕೆಮ್ಮಿಲ್ಲ! ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಒಲೆಯ ಮುಂದೆಯೂ ಓದಿದೆ, ಸಾರು ಉಕ್ಕಿತು.

ರಜೆಯಲ್ಲಿ ಕುಮಟಾದ ತವರಿಗೆ ಹೋದಾಗ ಆಯಿಗೆ, ಎಂದರೆ ನನ್ನ ಅಮ್ಮನಿಗೆ, ಕಥೆ ಹೇಳಿದೆ. ನಗುತ್ತಾಳೆ ಎಂದುಕೊಂಡರೆ, ಹಲಸಿನ ಬೀಜ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

ನನಗೆ ಎರಡು ಸಂಬಂಧ ಬಂದಿದ್ದವು, ಮುಂಬಯಿಯ ಗುಮಾಸ್ತನದೊಂದು, ಈ ಮಾಸ್ತರರದೊಂದು. ಅಪ್ಪಯ್ಯ ರೂಢಿಯಂತೆ ದೇವರಲ್ಲಿ ಪ್ರಸಾದ ಕೇಳಿದ್ದರು. ಭಟ್ಕಳದ್ದು ಆಗಬಹುದಾದರೆ ಪೂಜೆಯ ಭಟ್ಟರು ಮೂರ್ತಿಗೆ ಅಂಟಿಸಿದ ಹೂವು ಬಲಕ್ಕೆ ಬೀಳಬೇಕು. ಬಲಕ್ಕೇ ಬಿತ್ತು, ಅಪ್ಪಯ್ಯ ಕುಣಿಯುವುದೊಂದು ಬಾಕಿ ಎಂದೇ ನಾನು ಕೇಳಿದ್ದೆ.

“ದೇವರ ಬಲಗೈ ಬದಿ ನೋಡವು, ತಂಗಿ,” ಎಂದಳು ಆಯಿ. “ಎದುರು ನಿಂತ ನಿನ್ನ ಅಪ್ಪಯ್ಯ ತನ್ನ ಬಲಗೈ ಬದಿ ನೋಡಿದ್ರು. ಹೂವು ಬಿದ್ದದ್ದು ದೇವರ ಎಡಕ್ಕೆ.”

“ಭಟ್ರು ಎಂತ ಹೇಳಿದ್ರು?”

“ಅವ್ರು ಕಣ್ಣು ಮುಚ್ಚಿ ಮಂತ್ರ ಹೇಳ್ತಾ ಇದ್ರು. ಕಂಡವಳು ನಾನೊಬ್ಳೇ. ಸುಮ್ನಾದೆ. ಮುಂಬಯಿ ದೂರ ಆತು, ನಿನ್ನ ನೋಡಲೆ ಆಗ್ತಿತ್ತಿಲ್ಲೆ. ಬೇಜಾರಾತಾ?”

ಸಿಟ್ಟು ಬಂತು, ಸುಳ್ಳೇಕೆ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿ, ಆ ನಾಯಕಿಯ ಹಾಗೆಯೇ ಮುಂಬಯಿಯಲ್ಲಿ ಸಂಸಾರ ಹೂಡಿದೆ. ಲೋಕಲ್ ರೈಲು, ಮನೆಯೊಳಗೇ ನಲ್ಲಿ, ಮಹಡಿಯ ಮೇಲೊಂದು ಕೋಣೆ, ಎಲ್ಲ ಚೆನ್ನಾಗಿಯೇ ಕೂಡಿಬಂತು. ಬಾಗಿಲು ತೆರೆದರೆ ಒಳಗೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದವರು ಇವರೇ, ಬನಿಯನ್ನಿನ ಮೇಲಿನ ಮಸಿಯ ಕಲೆ ಸಹಿತ! ಎಷ್ಟು ಎಬ್ಬಿಸಿದರೂ ಗುಮಾಸ್ತನಿಗೆ ಜಾಗ ಬಿಡಲಿಲ್ಲ. ನಗು ಬಂತು, ಹಿಂದೆಯೇ ಹೆದರಿಕೆಯೂ. ಅಪ್ಪಯ್ಯ ಸರಿಯಾಗಿ ನೋಡಿಬಿಟ್ಟಿದ್ದರೆ? ನಾಯಕಿಯ ಮೇಲೂ ಕನಿಕರವಾಯಿತು. ಪಾಪ, ಅವಳಿಗೆ ಯಾವ ಬಾಗಿಲು ತೆರೆದರೂ ಹೀಗೆ ಕೂತಿರುವವರು ಒಬ್ಬರೂ ಇರಲಿಲ್ಲ.

ರಜೆ ಮುಗಿಯುವ ಮೊದಲೇ ಹೊರಟೆ. ಹೊನ್ನಾವರದಲ್ಲಿ ಬಸ್ಸಿಳಿದು, ಹೊಳೆ ದಾಟಿ, ಆಚೆ ದಡದ ಬಸ್ಸು ಹಿಡಿದು ಮನೆ ಸೇರಿದೆ. ಎಲ್ಲ ಹೇಳಿದೆ. ಇವರು ಬಹಳ ದೈವಭಕ್ತರು, ಮುಖ ಇಳಿಯಿತು.

“ಇನ್ನೊಂದು ಸಲ ಪ್ರಸಾದ ಕೇಳವಾ?” ಎಂದರು ಮೆಲ್ಲಗೆ.

“ಎಂತಕ್ಕೆ?” ಎಂದೆ. “ಎಡಕ್ಕೆ ಬಿದ್ರೂ ನಾ ಎಲ್ಲಿಗೂ ಹೋಪವಳಲ್ಲ.”